ಸಿಲಿಕೋನ್ ಕಿಟ್ ಚೆನ್ನಾಗಿದೆ, ಆದರೆ ಮೀನು ಕಾಯುವುದಿಲ್ಲ

ಮೊದಲೇ ಹೇಳಿಬಿಡುತ್ತೇನೆ. ಐದರಲ್ಲಿ ಮೂರು ಸ್ಟಾರ್. ಕಳೆದ ಎರಡು ಸ್ಟಾರ್ ಒಂದು ಮಾಂಜಿ ಮೀನಿನ ಲೆಕ್ಕಕ್ಕೆ.

ನಾನು ಗಂಗೊಳ್ಳಿ ಕಡೆಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಟೀಚರ್. ನಮ್ಮ ಲ್ಯಾಬಿನ ಕಪಾಟಿನಲ್ಲಿ ಫಾರ್ಮಲಿನ್ ತುಂಬಿದ ಬಾಟಲಿಗಳಲ್ಲಿ ಆರು ಮೀನುಗಳಿವೆ. ಫಾರ್ಮಲಿನ್‌ನಲ್ಲಿ ವರ್ಷಗಟ್ಟಲೆ ಕೂತರೆ ಬಣ್ಣ ಎಲ್ಲಿ ಉಳಿಯುತ್ತದೆ? ಎಲ್ಲವೂ ಒಂದೇ ಥರ ಬಿಳಿಚಿಕೊಂಡಿವೆ. ನನ್ನ ಕ್ಲಾಸಿನಲ್ಲಿ ಅರ್ಧ ಮಕ್ಕಳು ಬೋಟಿಗೆ ಹೋಗುವವರ ಮನೆಯವರು. ಆ ಬಾಟಲಿ ತೋರಿಸಿ ಇದು ಬಂಗುಡೆ ಅಂದರೆ ನಗುತ್ತಾರೆ. ಅದಕ್ಕೇ ನಿಜವಾದ ಮೀನಿನಿಂದಲೇ ಅಚ್ಚು ತೆಗೆದು, ಎರಕ ಹೊಯ್ದು, ಬಣ್ಣ ಹಚ್ಚಿದ ಮೀನು ಮಾಡಿಡೋಣ ಅಂತ ಹೊರಟೆ.

ಆನ್‌ಲೈನಿನಲ್ಲಿ ಒಂದು ಕೆಜಿ ಸಿಲಿಕೋನ್ ರಬ್ಬರ್ ಕಿಟ್ ಸಿಕ್ಕಿತು. 1,150 ರೂಪಾಯಿ, ಡೆಲಿವರಿ ಬೇರೆ 80. ಒಂದು ಡಬ್ಬದಲ್ಲಿ ಬಿಳಿ ದಪ್ಪ ದ್ರವ, ಒಂದು ಸಣ್ಣ ಬಾಟಲಿಯಲ್ಲಿ ಅದನ್ನು ಗಟ್ಟಿ ಮಾಡುವ ಹಾರ್ಡನರ್. ಮಾರುವವರ ಪುಟದಲ್ಲಿ ಮೀನಿನ ಅಚ್ಚಿನ ಫೋಟೋನೇ ಇತ್ತು. ನಾನು ಬಿದ್ದದ್ದು ಅಲ್ಲೇ.

ಜುಲೈ 31ಕ್ಕೆ ಮೀನುಗಾರಿಕೆ ರಜೆ ಮುಗಿದಿತ್ತು, ಸೆಪ್ಟೆಂಬರಿನಲ್ಲಿ ಮೀನಿಗೆ ಬರವಿರಲಿಲ್ಲ. ಮೀನು ಮಾರುವ ಅಕ್ಕನ ಹತ್ತಿರ ಗಾಯವಿಲ್ಲದ, ಬಾಲ ಹರಿಯದ ಒಂದು ಸಣ್ಣ ಮಾಂಜಿ ಆರಿಸಿ ಕೊಡಿ ಅಂದೆ. "ತಿಂಬುಕ್ ಅಲ್ದಾ? ಮತ್ತೆಂತಕ್ಕೆ?" ಅಂತ ಕೇಳಿದರು. ಹೇಳಿದೆ. ಅವರು ಏನೂ ಮಾತಾಡಲಿಲ್ಲ, ದುಡ್ಡು ಮಾತ್ರ ಪೂರ್ತಿ ತಗೊಂಡರು.

ಮೀನನ್ನು ಅರ್ಧ ಒದ್ದೆ ಹೊಯಿಗೆಯಲ್ಲಿ, ಅಂದರೆ ಮರಳಿನಲ್ಲಿ, ಹೂತು, ಸುತ್ತ ರಟ್ಟಿನ ಗೋಡೆ ಕಟ್ಟಿ, ಸಂಜೆ ಏಳಕ್ಕೆ ಸಿಲಿಕೋನ್ ಸುರಿದೆ. ಚೀಟಿಯಲ್ಲಿ "24 ಗಂಟೆ ಬಿಡಿ" ಅಂತಿತ್ತು. ಬಿಟ್ಟೆ. ನಮ್ಮೂರಿನ ಸೆಕೆಯಲ್ಲಿ, ಫ್ರಿಜ್ಜಿನ ಹೊರಗೆ, ಒಂದು ಮೀನನ್ನು 24 ಗಂಟೆ! ಈಗ ಬರೆಯುವಾಗ ನನಗೇ ನಗು ಬರುತ್ತದೆ. ಬೆಳಗಿನ ಜಾವಕ್ಕೇ ವಾಸನೆ ಶುರುವಾಯಿತು. ಅತ್ತೆ ಆ ಪೆಟ್ಟಿಗೆಯನ್ನು ಬಚ್ಚಲಿನ ಹಿಂದೆ ಇಟ್ಟು ಬಂದರು. ಸಂಜೆ ಬಿಚ್ಚಿ ನೋಡಿದರೆ ಮೀನಿನ ಹೊಟ್ಟೆ ಉಬ್ಬಿ ಹೊಯಿಗೆಯಿಂದ ಮೇಲೆದ್ದಿದೆ, ಹೊಟ್ಟೆಯ ಜಾಗದಲ್ಲಿ ಅಚ್ಚು ಸೊಟ್ಟಗಾಗಿದೆ. ಲೋಳೆ ಇದ್ದ ಕಡೆಯೆಲ್ಲ ಮಚ್ಚೆ ಮಚ್ಚೆ. ಒಂದು ಕೆಜಿ ಸಿಲಿಕೋನ್ ಪೂರ್ತಿ ಕಸದ ಬುಟ್ಟಿಗೆ. ಮಾಂಜಿಯೂ.

ಫ್ರಿಜ್ಜಿನಲ್ಲಿಡಬಹುದಿತ್ತಲ್ವಾ ಅಂತ ಕೇಳಬಹುದು. ತಂಪಿನಲ್ಲಿ ಸಿಲಿಕೋನ್ ಗಟ್ಟಿಯಾಗುವುದು ಇನ್ನೂ ನಿಧಾನ. ಎರಡೂ ಕಡೆಯಿಂದ ಸಿಕ್ಕಿಹಾಕಿಕೊಂಡ ಹಾಗೆ. ಇದನ್ನು ಫೋಟೋ ಹಾಕಿದವರು ಒಂದು ಸಾಲಿನಲ್ಲಿ ಹೇಳಬಹುದಿತ್ತು. ಮೆಸೇಜ್ ಮಾಡಿ ಕೇಳಿದ್ದಕ್ಕೆ ಬಂದ ಉತ್ತರ, "ಚೀಟಿಯಲ್ಲಿರುವಂತೆ ಮಾಡಿ, ಮೇಡಂ."

ದಾರಿ ತೋರಿಸಿದವರು ನನ್ನ ಹಲ್ಲಿನ ಡಾಕ್ಟರು. ಹಲ್ಲಿನ ಅಳತೆ ತೆಗೆಯಲು ಬಾಯಿಗೆ ತುರುಕುತ್ತಾರಲ್ಲ, ಆ ಪೇಸ್ಟು, ಅದರ ಹೆಸರು ಆಲ್ಜಿನೇಟ್. ಕಂದು ಬಣ್ಣದ ಕಡಲ ಪಾಚಿಯಿಂದ ಬರುವ ಪದಾರ್ಥ. ಪುಡಿಗೆ ನೀರು ಕಲಸಿದರೆ ಕೆಲವೇ ನಿಮಿಷದಲ್ಲಿ ರಬ್ಬರಿನ ಹಾಗೆ ಗಟ್ಟಿಯಾಗುತ್ತದೆ. 450 ಗ್ರಾಂ ಪ್ಯಾಕೆಟ್ 380 ರೂಪಾಯಿ. ಮೀನು ಕೆಡುವ ಮಾತೇ ಇಲ್ಲ.

ಎರಡನೇ ಸಲ ಮಾಂಜಿಯ ಗೋಜಿಗೆ ಹೋಗಲಿಲ್ಲ. ಬಂಗುಡೆ ತಂದೆ. ಲೋಳೆ ಹೋಗಲು ವಿನೆಗರ್ ಹಚ್ಚಿ ತೊಳೆದೆ, ಬೆರಳಿನಿಂದ ಮೆಲ್ಲಗೆ, ತಲೆಯಿಂದ ಬಾಲದ ಕಡೆಗೆ. ಉಜ್ಜಿದರೆ ಹುರುಪೆ ಕಿತ್ತು ಬರುತ್ತದೆ. ಬಾಯಿಗೆ ಮತ್ತು ಕಿವಿರಿನೊಳಗೆ ಒದ್ದೆ ಹತ್ತಿ ತುಂಬಿದೆ, ಇಲ್ಲದಿದ್ದರೆ ಪೇಸ್ಟು ಒಳಗೆ ಹೋಗಿ ಸಿಕ್ಕಿಕೊಳ್ಳುತ್ತದೆ. ಬೆನ್ನಿನ ರೆಕ್ಕೆಯನ್ನು ಬಿಡಿಸಿ ಗುಂಡುಪಿನ್ನು ಚುಚ್ಚಿ ನಿಲ್ಲಿಸಿದೆ. ಐಸ್ ನೀರಿನಲ್ಲಿ ಪುಡಿ ಕಲಸಿದೆ. ನೀರು ತಣ್ಣಗಿದ್ದಷ್ಟೂ ನಿಧಾನಕ್ಕೆ ಗಟ್ಟಿಯಾಗುತ್ತದೆ, ಕೈಗೆ ಪುರುಸೊತ್ತು ಸಿಗುತ್ತದೆ. ಅರ್ಧ ಪ್ಯಾಕೆಟ್ ಸಾಕಾಯಿತು.

ಆಲ್ಜಿನೇಟಿನ ಕಷ್ಟ ಬೇರೆ. ನೀರು ಆರುತ್ತಾ ಅದು ಕುಗ್ಗುತ್ತದೆ, ನಾಳೆ ನೋಡೋಣ ಅಂದರೆ ಆಗುವುದಿಲ್ಲ. ಮೀನು ತೆಗೆದ ತಕ್ಷಣ ಪ್ಲಾಸ್ಟರ್ ಆಫ್ ಪ್ಯಾರಿಸ್ ಸುರಿಯಬೇಕು. ಅದೂ ಸಾಮಾನ್ಯವಾಗಿ ಒಂದೇ ಎರಕಕ್ಕೆ, ಬಿಡಿಸುವಾಗ ಹರಿಯುತ್ತದೆ. ಆದರೆ ನನಗೆ ಬೇಕಿದ್ದದ್ದು ಒಂದೇ: ಕೊಳೆಯದ, ವಾಸನೆ ಬರದ, ಗಟ್ಟಿ ಬಂಗುಡೆ. ಸಿಕ್ಕಿತು. ಬಿಸಿಲಿಗೆ ನಾಲ್ಕು ದಿನ ಒಣಗಿಸಿ, ಮರಕ್ಕೆ ಹಚ್ಚುವ ಶೆಲ್ಯಾಕ್ ಪಾಲಿಶ್ ಎರಡು ಕೋಟ್ ಕೊಟ್ಟು, ಮೇಲೆ ತೆಳ್ಳಗೆ ವ್ಯಾಸಲೀನ್ ಸವರಿದೆ.

ಆಮೇಲೆ ಎರಡನೇ ಕಿಟ್ ತರಿಸಿ ಈ ಪ್ಲಾಸ್ಟರ್ ಮೀನಿನ ಮೇಲೆ ಸುರಿದೆ. ಇದಕ್ಕೆ 24 ಗಂಟೆ ಏನು, ಒಂದು ವಾರ ಬಿಟ್ಟರೂ ಚಿಂತೆಯಿಲ್ಲ. ಕಿಟ್ಟಿನ ಗುಣ ಗೊತ್ತಾದದ್ದು ಇಲ್ಲಿ. ಹುರುಪೆಯ ಒಂದೊಂದು ಅಂಚು, ಕಿವಿರಿನ ಮುಚ್ಚಳದ ಗೆರೆ, ಕೊನೆಗೆ ನಾನು ಪಾಲಿಶ್ ಹಚ್ಚುವಾಗ ಬಿದ್ದ ಬೆರಳಚ್ಚು ಕೂಡ ಹಾಗ್ಹಾಗೇ ಬಂದಿದೆ! ಬಗ್ಗಿಸಿ ಬಿಡಿಸಿದರೂ ಹರಿಯಲಿಲ್ಲ. ಇಲ್ಲಿಯವರೆಗೆ ಒಂಬತ್ತು ಪ್ಲಾಸ್ಟರ್ ಮೀನು ತೆಗೆದಿದ್ದೇನೆ, ಅಚ್ಚು ಹೊಸದರಂತೆಯೇ ಇದೆ.

ಕೊಳ್ಳುವವರಿಗೆ ಎರಡು ಮಾತು. ಹಾರ್ಡನರ್ ನೂರಕ್ಕೆ ಮೂರು ಗ್ರಾಂ ಅಂತ ಬರೆದಿದ್ದಾರೆ, ಅಳೆಯಲು ಏನೂ ಕೊಟ್ಟಿಲ್ಲ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಇಲ್ಲದೆ ಕೈ ಹಾಕಬೇಡಿ. "ಕೆಲಸ ಮಾಡಲು 40 ನಿಮಿಷ" ಅನ್ನುವುದು ಅವರ ಊರಿನ ಹವೆಗೆ ಇರಬೇಕು. ನಮ್ಮ ಕರಾವಳಿಯ ಸೆಕೆ, ತೇವಕ್ಕೆ ಬೇಗ ಗಟ್ಟಿಯಾಗುತ್ತದೆ, ನನಗೆ ಸಿಕ್ಕಿದ್ದು ಇಪ್ಪತ್ತೇ ನಿಮಿಷ. ಗುಳ್ಳೆ ಬೀಳದಿರಲು ಎತ್ತರದಿಂದ, ಒಂದು ಮೂಲೆಗೆ, ದಾರದಷ್ಟು ತೆಳ್ಳಗೆ ಸುರಿಯಿರಿ. ಇನ್ನು ಒಂದು ಕೆಜಿ ಅಂದರೆ ಜಾಸ್ತಿ ಅಂದುಕೊಳ್ಳಬೇಡಿ. ಒಂದು ಬಂಗುಡೆಯ ಒಂದು ಮಗ್ಗುಲಿಗೆ 800 ಗ್ರಾಮಿಗಿಂತ ಜಾಸ್ತಿಯೇ ಹೋಯಿತು. ಅಂಜಲಿನಂಥ ದೊಡ್ಡ ಮೀನು ಮಾಡುವ ಆಸೆ ಇದ್ದವರು ಸಾಲ ಎತ್ತಬೇಕು.

ಪ್ಲಾಸ್ಟರ್ ಮೀನು ಮಕ್ಕಳ ಕೈಯಿಂದ ಬಿದ್ದರೆ ಚೂರು. ಹಾಗಾಗಿ ಎರಡನ್ನು ರೆಸಿನ್ನಿನಲ್ಲಿ, ಅಂದರೆ ಗಟ್ಟಿಯಾದರೆ ಪ್ಲಾಸ್ಟಿಕ್ಕಿನಂತಾಗುವ ದ್ರವದಲ್ಲಿ, ಮಾಡಿದೆ. ಬಂದರಿನ ಹತ್ತಿರ ಫೈಬರ್ ದೋಣಿ ರಿಪೇರಿಯ ಸಾಮಾನು ಮಾರುವ ಅಂಗಡಿಯಲ್ಲಿ ರೆಸಿನ್, ಅದು ಬೇಗ ಗಟ್ಟಿಯಾಗಲು ಹಾಕುವ ನೇರಳೆ ಬಣ್ಣದ ಆಕ್ಸಿಲರೇಟರ್, ಹಾರ್ಡನರ್, ಫೈಬರ್ ಮ್ಯಾಟ್ ಎಲ್ಲವೂ ಬಿಡಿಯಾಗಿ ಸಿಗುತ್ತದೆ. ಅಂಗಡಿಯವರು ಮೂರು ಸಲ ಹೇಳಿದ್ದನ್ನು ನಾನೂ ಹೇಳುತ್ತೇನೆ: ಆಕ್ಸಿಲರೇಟರ್ ಮತ್ತು ಹಾರ್ಡನರನ್ನು ನೇರವಾಗಿ ಒಂದಕ್ಕೊಂದು ಬೆರೆಸಬೇಡಿ, ಸಿಡಿಯುತ್ತದೆ. ಮೊದಲು ಒಂದನ್ನು ರೆಸಿನ್ನಿಗೆ ಹಾಕಿ ಚೆನ್ನಾಗಿ ಕಲಸಿ, ಆಮೇಲೆ ಇನ್ನೊಂದು. ಮನೆಯೊಳಗೆ ಮಾಡಬೇಡಿ, ವಾಸನೆಗೆ ತಲೆ ಸುತ್ತುತ್ತದೆ. ಒದ್ದೆ ಆಲ್ಜಿನೇಟಿಗೆ ರೆಸಿನ್ ಸುರಿದು ನೋಡಿದ್ದೂ ಆಯಿತು. ಮೇಲ್ಮೈ ಅಂಟಂಟಾಗಿಯೇ ಉಳಿಯಿತು.

ಬಣ್ಣದ ಕೆಲಸ ಮಕ್ಕಳಿಗೇ ಬಿಟ್ಟೆ. ಬೆನ್ನಿನ ನೀಲಿ-ಹಸಿರು, ಹೊಟ್ಟೆಯ ಬೆಳ್ಳಿ, ಎದೆಯ ರೆಕ್ಕೆಯ ಹತ್ತಿರದ ಕಪ್ಪು ಚುಕ್ಕೆ, ಎಲ್ಲಿ ಎಷ್ಟು ಅಂತ ಪುಸ್ತಕ ನೋಡದೆ ಹಚ್ಚಿದರು. ಬೆನ್ನಿನ ರೆಕ್ಕೆಯ ಹಿಂದೆ ಬಂಗುಡೆಗೆ ಐದು ಪುಟ್ಟ ರೆಕ್ಕೆಗಳಿರುತ್ತವೆ ಅಂತ ನಾನು ಪಾಠ ಮಾಡುತ್ತಿದ್ದಾಗ ಎಂಟನೇ ಕ್ಲಾಸಿನ ಹುಡುಗನೊಬ್ಬ ಎದ್ದು, "ಟೀಚರ್, ಇದಕ್ಕೆ ನಾಲ್ಕೇ ಇದೆ" ಅಂದ. ಒಂಬತ್ತನ್ನೂ ತಂದು ಮೇಜಿನ ಮೇಲಿಟ್ಟು ಎಣಿಸಿದೆವು. ಎಲ್ಲದಕ್ಕೂ ನಾಲ್ಕೇ. ಐದನೆಯದು ಆವತ್ತು ಆಲ್ಜಿನೇಟ್ ಬಿಡಿಸುವಾಗಲೇ ಹೋಗಿರಬೇಕು. ಉಳಿದ ಅರ್ಧ ಪ್ಯಾಕೆಟ್ ಇನ್ನೂ ಇದೆ. ಭಾನುವಾರ ಮತ್ತೆ ಆ ಅಕ್ಕನ ಹತ್ತಿರ ಹೋಗಬೇಕು.