ಹಳೇ ಟಿಟಿ ಕ್ಯಾಂಪರ್: ಮಲೆನಾಡಿನ ಮಳೆಗೆ ಯಾವ ಸಾಮಾನು ಬಾಳಿತು, ಯಾವುದು ಬಾಳಲಿಲ್ಲ

ನಮ್ಮ ಗಾಡಿ ಹದಿನೈದು ವರ್ಷ ದಾಟಿದ ಟೆಂಪೋ ಟ್ರಾವೆಲರ್. ಎಲ್ಲರ ಬಾಯಲ್ಲಿ ಟಿಟಿ. ಮೊದಲು ಮದುವೆ ದಿಬ್ಬಣ, ಧರ್ಮಸ್ಥಳ, ಶೃಂಗೇರಿ ಅಂತ ಬಾಡಿಗೆಗೆ ಓಡಿದ್ದು. ಆಮೇಲೆ ಯಾರೋ ಸೀಟು ಕಿತ್ತು, ಮಂಚ, ಅಡುಗೆ ಕಟ್ಟೆ, ಸಿಂಕು ಹಾಕಿಸಿ ಕ್ಯಾಂಪರ್ ಮಾಡಿಸಿದ್ದರು. ಅವರಿಂದ ನಮ್ಮ ಕೈಗೆ ಬಂತು. ಈಗ ತೀರ್ಥಹಳ್ಳಿ ಹತ್ತಿರದ ನಮ್ಮ ಅಂಗಳದಲ್ಲಿ, ತಗಡಿನ ಮಾಡಿನ ಕೆಳಗೆ ನಿಲ್ಲುತ್ತದೆ. ವೆಲ್ಡಿಂಗ್ ಮತ್ತು ಬ್ರೇಕ್ ಕೆಲಸ ಹೊರಗೆ ಮಾಡಿಸುತ್ತೇವೆ. ಉಳಿದದ್ದೆಲ್ಲ ಮನೆಯಲ್ಲೇ.

ಇಂಥ ಗಾಡಿಗಳ ವಿಡಿಯೋ ನೋಡಿದರೆ ಬರೀ ಲಡಾಖ್, ರಾಜಸ್ಥಾನ. ಅಲ್ಲಿ ಚೆನ್ನಾಗಿ ನಡೆದ ಸಾಮಾನು ಇಲ್ಲಿ ನಡೆಯುತ್ತೆ ಅಂತ ಹೇಳೋಕಾಗಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಜಾಸ್ತಿ ಮಳೆ. ಆರಿದ್ರ ಮಳೆ ಹಿಡಿದರೆ ಬಚ್ಚಲ ಒಲೆಯ ಮೇಲಿನ ತಂತಿಗೆ ಹಾಕಿದ ಬಟ್ಟೆಯೇ ಎರಡು ದಿನ ಒಣಗೋದಿಲ್ಲ. ಹಾಗಾಗಿ ಇಲ್ಲಿ ಬರೆಯುತ್ತಿರುವುದೆಲ್ಲ ಹಲವು ಮಳೆಗಾಲ ಕಂಡ ಸಾಮಾನುಗಳ ಬಗ್ಗೆ ಮಾತ್ರ. ಒಂದು ಬೇಸಿಗೆ ಬಳಸಿ ಐದು ಸ್ಟಾರ್ ಕೊಡುವ ಕೆಲಸ ನನ್ನಿಂದ ಆಗದು.

ಗಾಡಿಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಟ್ರಾವೆಲರ್ ನಮ್ಮ ದೇಶದಲ್ಲಿ 1987ರಿಂದ ಇದೆ, ಮರ್ಸಿಡಿಸ್‌ನ ಟಿ1 ವ್ಯಾನಿನ ವಿನ್ಯಾಸದಿಂದ ಬಂದದ್ದು. ಇಷ್ಟು ವರ್ಷ ಓಡಿದ್ದರಿಂದ ಅದರ ಸ್ಪೇರ್ ಸಾಗರದಲ್ಲೂ ಸಿಗುತ್ತದೆ, ಹೊಸನಗರದ ಗ್ಯಾರೇಜಿನವರಿಗೂ ಅದರ ಗುಣ ಗೊತ್ತು. ಹಳೇ ಕ್ಯಾಂಪರ್ ಹುಡುಕುವವರು ಒಳಗಿನ ಚಂದದ ಲೈಟು ನೋಡುವ ಮೊದಲು ಇದನ್ನು ನೋಡಬೇಕು.

ಈಗ ತಲೆ ಮೇಲಿನ ವಿಷಯ. ಕ್ಯಾಂಪರ್ ಮಾಡಿದ ಕೆಲಸಗಾರರು ರೂಫಿಗೆ ಕೊರೆದ ತೂತುಗಳಿಗೆಲ್ಲ ಬಾತ್‌ರೂಮಿಗೆ ಹಾಕುವ ಸಿಲಿಕಾನ್ ಮೆತ್ತಿದ್ದರು. ಹಚ್ಚುವಾಗ ವಿನೆಗರ್ ವಾಸನೆ ಬರುತ್ತದಲ್ಲ, ಅದೇ. ಅದು ಒಣಗುವಾಗ ಅಸಿಟಿಕ್ ಆಸಿಡ್ ಬಿಡುತ್ತದೆ. ಗಾಜಿಗೆ, ಟೈಲ್ಸಿಗೆ ಪರವಾಗಿಲ್ಲ. ಪೇಂಟ್ ಹೋದ ಕಬ್ಬಿಣದ ಶೀಟಿಗೆ ಹಾಕಿದರೆ ಅದರ ಅಡಿಯಲ್ಲೇ ತುಕ್ಕು ಶುರು. ಇನ್ನೊಂದು ತಲೆನೋವು, ಹಳೇ ಸಿಲಿಕಾನ್ ಮೇಲೆ ಬೇರೆ ಏನೂ ಹಿಡಿಯೋದಿಲ್ಲ. ಹೊಸ ಸಿಲಿಕಾನೂ ಸರಿಯಾಗಿ ಹಿಡಿಯೋದಿಲ್ಲ. ಮೇಲಿಂದ ಮೇಲೆ ಮೆತ್ತಿದರೆ ಟ್ಯೂಬ್ ಖಾಲಿ ಆಗುತ್ತೆ, ಸೋರೋದು ಸೋರ್ತಾನೇ ಇರುತ್ತೆ. ಪ್ಲಾಸ್ಟಿಕ್ ಸ್ಕ್ರೇಪರಿನಲ್ಲಿ ಪೂರ್ತಿ ಕೆರೆದು, ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ, ಬರೀ ಶೀಟು ಕಾಣುವವರೆಗೆ ಹೋಗಬೇಕು.

ಅದರ ಜಾಗಕ್ಕೆ ಎರಡು ಸಾಮಾನು ಹಾಕಿದೆವು. ರೂಫ್ ಹ್ಯಾಚಿನ, ಅಂದರೆ ರೂಫಿನ ಕಿಂಡಿ ಬಾಗಿಲಿನ, ಚೌಕಟ್ಟಿನ ಅಡಿಗೆ ಬ್ಯುಟೈಲ್ ಟೇಪ್ ಅನ್ನುವ ಮೆತ್ತನೆಯ ಅಂಟು ರಬ್ಬರ್ ಪಟ್ಟಿ, ಹೊರಗಿನ ಅಂಚಿಗೆ ಮತ್ತು ಸ್ಕ್ರೂ ತಲೆಗಳಿಗೆ ಎಂಎಸ್ ಪಾಲಿಮರ್ ಸೀಲೆಂಟ್ (ಸಂದು ಮುಚ್ಚುವ ಅಂಟು). ಬ್ಯುಟೈಲ್ ಟೇಪ್ ಗಟ್ಟಿಯಾಗೋದೇ ಇಲ್ಲ. ಸ್ಕ್ರೂ ಬಿಗಿ ಮಾಡಿದ ಹಾಗೆ ಹಿಂಡಿ ಹೊರಗೆ ಬರುತ್ತದೆ. ನಾಲ್ಕು ದಿನ ಬಿಸಿಲು ಬಿದ್ದ ಮೇಲೆ ಇನ್ನೊಮ್ಮೆ ಬಿಗಿ ಮಾಡಬೇಕು, ಆಗ ಮತ್ತೂ ಕೂರುತ್ತದೆ. ಹೆಚ್ಚಾದದ್ದನ್ನು ಕತ್ತರಿಸಿ ತೆಗೆದರೆ ಆಯ್ತು. ಇದಕ್ಕೆ ಪೂರ್ತಿ ಅಂಕ. ಎಂಎಸ್ ಪಾಲಿಮರ್ ಬಿಸಿಲಿಗೆ ಬಿರುಕು ಬಿಟ್ಟಿಲ್ಲ, ಮೇಲೆ ಪೇಂಟ್ ಕೂಡ ಹಿಡಿದಿದೆ. ಒಂದು ಬದಿಗೆ ಪಿಯು (ಪಾಲಿಯುರೆಥೇನ್) ಸೀಲೆಂಟ್ ಹಾಕಿದ್ದೆವು. ಅಂಟುವ ಶಕ್ತಿ ಅದಕ್ಕೇ ಜಾಸ್ತಿ, ಆದರೆ ಪೇಂಟ್ ಮಾಡದೆ ಬಿಟ್ಟ ಕಡೆ ಬಿಸಿಲಿಗೆ ಪುಡಿ ಪುಡಿಯಾಗಿ ಗೀರು ಬಿದ್ದಿದೆ. ರೂಫಿಗೆ ಎಂಎಸ್, ಬಾಡಿ ಜಾಯಿಂಟಿಗೆ ಪಿಯು. ಹೀಗೆ ಹಂಚಿಕೊಂಡಿದ್ದೇವೆ. ಎರಡೂ ಗಾಳಿಯ ತೇವದಿಂದಲೇ ಗಟ್ಟಿಯಾಗುವ ಜಾತಿ, ಅದಕ್ಕೆ ನಮ್ಮೂರಲ್ಲಿ ಬರವಿಲ್ಲ. ಆದರೆ ಹಚ್ಚುವ ಜಾಗ ಮಾತ್ರ ಒಣಗಿರಬೇಕು. ಫೆಬ್ರವರಿ, ಮಾರ್ಚಿನಲ್ಲಿ ಮುಗಿಸಿಬಿಡಿ.

ಸೋರುವ ಜಾಗ ಹುಡುಕುವುದಕ್ಕೂ ಒಂದು ಕ್ರಮ ಇದೆ. ನೀರು ಒಳಗೆ ಕಾಣುವ ಜಾಗ ಒಂದು, ಹೊರಗಿಂದ ನುಗ್ಗುವ ಜಾಗ ಇನ್ನೊಂದು. ಒಬ್ಬರು ಟಾರ್ಚ್ ಹಿಡಿದು ಒಳಗೆ ಕೂರಬೇಕು. ಇನ್ನೊಬ್ಬರು ತೋಟದ ಪೈಪಿನಲ್ಲಿ ಕೆಳಗಿನಿಂದ ಶುರು ಮಾಡಿ ನಿಧಾನಕ್ಕೆ ಮೇಲೆ ಬರಬೇಕು. ಮೇಲಿಂದ ಬಿಟ್ಟರೆ ಇಡೀ ಗಾಡಿ ಒದ್ದೆಯಾಗಿ ಏನೂ ಗೊತ್ತಾಗೋದಿಲ್ಲ.

ತುಕ್ಕಿಗೆ ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿಗೆ ಹೋಗಿದ್ದೆವು. ಹಿಂದಿನ ಚಕ್ರದ ಮೇಲಿನ ಕಮಾನು, ಬಾಗಿಲಿನ ಬುಡ ಎರಡೂ ಜರಡಿಯಾಗಿದ್ದವು. ಟಿಂಕರಿಂಗ್ ಮೇಸ್ತ್ರಿ ಬೆರಳಲ್ಲಿ ಒತ್ತಿ ನೋಡಿ ಹೇಳಿದ್ದು ಒಂದೇ ಮಾತು: "ಶೀಟ್ ಹೊಡೆಯೋದು ಎಷ್ಟೊತ್ತಿನ ಕೆಲಸ ಮಾರಾಯ್ರೇ, ನೀರು ಎಲ್ಲಿ ನಿಲ್ತದೆ ಅಂತ ನೋಡ್ಕೊಳ್ಳಿ ಮೊದ್ಲು." ನೋಡಿದರೆ ಬಾಗಿಲಿನ ಅಡಿಯ ನೀರು ಹೋಗುವ ತೂತುಗಳೆಲ್ಲ ಕೆಂಪು ಮಣ್ಣು ಕೂತು ಮುಚ್ಚಿಹೋಗಿದ್ದವು. ಈಗ ಮಳೆಗಾಲಕ್ಕೆ ಮುಂಚೆ ಒಂದು ತಂತಿ ತುಂಡು ಹಿಡಿದು ಅವನ್ನು ಬಿಡಿಸುವುದೇ ಮೊದಲ ಕೆಲಸ. ಖರ್ಚು ಸೊನ್ನೆ.

ಸಣ್ಣ ತುಕ್ಕಿಗೆ ಫಾಸ್ಫಾರಿಕ್ ಆಸಿಡ್ ಇರುವ ರಸ್ಟ್ ಕನ್ವರ್ಟರ್, ಮೇಲೆ ಎಪಾಕ್ಸಿ ಪ್ರೈಮರ್, ಆಮೇಲೆ ಪೇಂಟ್. ಇದು ಬಾಳುತ್ತಿದೆ. ಆದರೆ ವೈರ್ ಬ್ರಷ್ ಹಾಕಿ ಸಡಿಲ ತುಕ್ಕು ತೆಗೆಯದೆ ಹಚ್ಚಿದರೆ ದುಡ್ಡು ದಂಡ. ಗಾಡಿಯ ಅಡಿಗೆ ಕಪ್ಪು ಅಂಡರ್ ಕೋಟಿಂಗ್ ಹೊಡೆಸಿ ಅಂತ ಎಲ್ಲರೂ ಹೇಳುತ್ತಾರೆ. ಹೊಸ ಗಾಡಿಗೆ ಸರಿ. ತುಕ್ಕು ಶುರುವಾದ ಚಾಸಿಗೆ ಅದನ್ನು ಬಳಿದರೆ ನೀರು ಒಳಗೇ ಸಿಕ್ಕಿಕೊಂಡು, ಮೇಲೆ ಚಂದ ಕಾಣುತ್ತಲೇ ತಿನ್ನುತ್ತಾ ಹೋಗುತ್ತದೆ. ನಾವು ಬಳಸುವುದು ಮೇಣದ ಸ್ಪ್ರೇ. ಪೊಳ್ಳು ಸೆಕ್ಷನ್ನಿನ ಒಳಗೂ ಹೋಗುತ್ತದೆ. ಪ್ರತಿ ವರ್ಷ ಮತ್ತೆ ಹೊಡೆಯಬೇಕು, ಅದೊಂದೇ ಕಿರಿಕಿರಿ. ವೇಸ್ಟ್ ಆಯಿಲ್ ಬಳಿಯುವ ಹಳೇ ಪದ್ಧತಿ ಬೇಡ. ರಬ್ಬರ್ ಬುಷ್ ಉಬ್ಬಿ ಹಾಳಾಗುತ್ತವೆ, ನೆಲಕ್ಕೆ ತೊಟ್ಟಿಕ್ಕಿದ್ದು ಕೊನೆಗೆ ನಮ್ಮ ಬಾವಿಗೇ ಬರುತ್ತದೆ.

ಒಳಗಿನ ಮರದ ಕೆಲಸ ಬೇಗ ಹೇಳಿ ಮುಗಿಸುತ್ತೇನೆ. ಮೊದಲಿದ್ದದ್ದು ಕಮರ್ಷಿಯಲ್ ಪ್ಲೈ. ಸಿಂಕಿನ ಕೆಳಗಿನ ಹಲಗೆ ಪದರ ಪದರ ಬಿಟ್ಟು ಉಬ್ಬಿತ್ತು. ಈಗ ಐಎಸ್ 710 ಮುದ್ರೆ ಇರುವ ಮರೈನ್ ಪ್ಲೈ ಹಾಕಿದ್ದೇವೆ. ಕತ್ತರಿಸಿದ ಅಂಚಿಗೆ ಎಪಾಕ್ಸಿ ಬಳಿದಿದ್ದೇವೆ, ನೀರು ಹೀರೋದು ಅಂಚೇ ತಾನೇ. ಗೋಡೆಯ ಒಳಗಿದ್ದ ಗ್ಲಾಸ್ ವೂಲ್ ಹಿಂಡಿದರೆ ನೀರು ಬರುತ್ತಿತ್ತು. ಅದನ್ನು ತೆಗೆದು ಎಸಿ ಪೈಪಿಗೆ ಸುತ್ತುವ ಕಪ್ಪು ನೈಟ್ರೈಲ್ ಫೋಮಿನ ಶೀಟ್ ಅಂಟಿಸಿದೆವು. ಇದು ನೀರು ಕುಡಿಯೋದಿಲ್ಲ. ಶಿವಮೊಗ್ಗದ ಎಸಿ ಕೆಲಸದವರ ಹತ್ತಿರವೇ ಸಿಕ್ಕಿತು.

ಬೂಷ್ಟಿನ ಕಥೆ ಸ್ವಲ್ಪ ಉದ್ದ. ರೂಫ್ ಫ್ಯಾನ್ ಹಾಕಿದರೆ ಬೂಷ್ಟು ಹೋಗುತ್ತೆ ಅನ್ನುವವರಿದ್ದಾರೆ. ಅರ್ಧ ಸತ್ಯ. ಜುಲೈನಲ್ಲಿ ಹೊರಗಿನ ಗಾಳಿಯೇ ಒದ್ದೆ. ಎಷ್ಟು ಫ್ಯಾನ್ ತಿರುಗಿಸಿದರೂ ಒಳಗೆ ಅದಕ್ಕಿಂತ ಒಣಗೋದು ಕಷ್ಟ. ಫ್ಯಾನ್ ಹೊರಹಾಕೋದು ನಮ್ಮ ಉಸಿರು ಮತ್ತು ಅಡುಗೆಯ ಆವಿಯನ್ನು. ಅದೇನು ಕಡಿಮೆ ಅಲ್ಲ. ಒಂದು ಕಿಲೋ ಎಲ್‌ಪಿಜಿ ಉರಿದರೆ ಸುಮಾರು ಒಂದೂವರೆ ಕಿಲೋ ನೀರು ಆವಿಯಾಗಿ ಬರುತ್ತದೆ. ಅನ್ನ ಬೇಯುವ ಆವಿ ಬೇರೆ. ಆದ್ದರಿಂದ ಮಳೆಗಾಲದಲ್ಲಿ ಒಲೆ ಹೊರಗೆ, ಟಾರ್ಪಾಲಿನ ಕೆಳಗೆ. ಅಡಿಕೆ ಮುಚ್ಚುವ ಟಾರ್ಪಾಲೇ ಸಾಕು, ಕ್ಯಾಂಪಿಂಗ್ ಅಂತ ಹೆಸರಿರೋದಕ್ಕೆ ಸುಮ್ನೆ ದುಡ್ಡು ಕೊಡಬೇಡಿ. ಹಾಸಿಗೆಯ ಅಡಿಯ ಹಲಗೆಗೆ ಸಾಲು ತೂತು ಕೊರೆದದ್ದು ಫ್ಯಾನಿಗಿಂತ ಹೆಚ್ಚು ಕೆಲಸ ಮಾಡಿದೆ. ಫ್ಯಾನಿಗೆ ಹತ್ತರಲ್ಲಿ ಆರು ಕೊಡುತ್ತೇನೆ. ರೂಫಿಗೆ ಇನ್ನೊಂದು ತೂತು ಕೊರೆಯುವ ಮೊದಲು ಇಲ್ಲಿನವರು ಯೋಚನೆ ಮಾಡಲಿ.

ಎಲ್‌ಪಿಜಿ ಅಂದ ಮೇಲೆ ಒಂದು ಮಾತು. ಆ ಗ್ಯಾಸ್ ಗಾಳಿಗಿಂತ ಭಾರ, ಲೀಕ್ ಆದರೆ ನೆಲದಲ್ಲಿ ಕೂರುತ್ತದೆ. ಸಿಲಿಂಡರ್ ಇಡುವ ಪೆಟ್ಟಿಗೆಯ ತಳದಲ್ಲಿ ಹೊರಗೆ ಹೋಗುವ ತೂತು ಬೇಕೇ ಬೇಕು. ನಮ್ಮ ಗಾಡಿಯಲ್ಲಿ ಅದು ಇರಲಿಲ್ಲ, ಮೇಲೆ ಒಂದು ಚಂದದ ಜಾಲರಿ ಮಾತ್ರ ಇತ್ತು!

ಇಡೀ ಗಾಡಿಯಲ್ಲಿ ನನಗೆ ಅತಿ ಹೆಚ್ಚು ಖುಷಿ ಕೊಟ್ಟ ಸಾಮಾನು ಸಿಂಕಿನ ಪಂಪು. ಮೊದಲಿದ್ದ ಪಂಪು ಕೈಕೊಟ್ಟಾಗ, ಕ್ಯಾಂಪರ್ ಗಾಡಿಗೆಂದೇ ಮಾರುವ ಆರ್‌ವಿ ಪಂಪ್ ಅಂತ ಆನ್‌ಲೈನಿನಲ್ಲಿ ನೋಡಿದರೆ ಬೆಲೆ ಎದೆ ಒಡೆಯುವಂತಿತ್ತು. ನನ್ನ ಭಾವ ಕೆಟ್ಟ ಪಂಪನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, "ಇದು ನಮ್ಮ ಬ್ಯಾಟರಿ ಸ್ಪ್ರೇಯರಿಂದೇ ಅಲ್ವಾ ಭಾವ?" ಅಂದರು. ಹೌದು, ಬೆನ್ನಿಗೆ ಹಾಕಿಕೊಳ್ಳುವ ಸ್ಪ್ರೇಯರಿನ ಒಳಗಿರುವುದೂ 12 ವೋಲ್ಟಿನ ಡಯಾಫ್ರಾಮ್ ಪಂಪೇ. ನಲ್ಲಿ ಮುಚ್ಚಿದರೆ ತಾನೇ ನಿಲ್ಲುವ ಪ್ರೆಶರ್ ಸ್ವಿಚ್ ಕೂಡ ಅದರಲ್ಲಿರುತ್ತದೆ. ಕೃಷಿ ಸಾಮಾನಿನ ಅಂಗಡಿಯಲ್ಲಿ ಸಾವಿರ ರೂಪಾಯಿ ಆಸುಪಾಸಿಗೆ ಹೊಸದು ಬಂತು. ಹೊಸದೇ ತಗೊಳ್ಳಿ. ಔಷಧಿ ಹೊಡೆದ ಹಳೇ ಪಂಪನ್ನು ಎಷ್ಟು ತೊಳೆದರೂ ಪಾತ್ರೆ ತೊಳೆಯುವ ನೀರಿಗೆ ಹಾಕಬೇಡಿ.

ಸ್ಕ್ರೂ ಹೊಡೆಯುವ ಮೊದಲು ಪಂಪಿನ ಅಡಿಗೆ ಹಳೇ ಟ್ಯೂಬಿನ ರಬ್ಬರ್ ಇಟ್ಟರೆ ಸದ್ದು ಅರ್ಧ ಆಗುತ್ತದೆ. ಟ್ಯಾಂಕಿಗೂ ಪಂಪಿಗೂ ಮಧ್ಯೆ ಸಣ್ಣ ಜಾಲರಿ ಫಿಲ್ಟರ್ ಹಾಕಿ. ಪೈಪು ಹನಿ ನೀರಾವರಿಯ 16 ಎಂಎಂ ಕಪ್ಪು ಪೈಪು. ಬೆಳಕು ಒಳಗೆ ಹೋಗದ ಕಾರಣ ಪಾಚಿ ಕಟ್ಟಿಲ್ಲ. ಜಾಯಿಂಟು ಹಾಳಾದರೆ ಹೊಸದು ಯಾವ ಊರಿನಲ್ಲಾದರೂ ಸಿಗುತ್ತದೆ. ಕುಡಿಯುವ ನೀರಿಗೆ ಮಾತ್ರ ಬೇರೆ ಕ್ಯಾನ್. ದೋಷ ಅಂದರೆ, ನಲ್ಲಿ ಸ್ವಲ್ಪವೇ ತೆರೆದರೆ ಪಂಪು ಟಕ ಟಕ ಅಂತ ಬಿಟ್ಟು ಬಿಟ್ಟು ಓಡುತ್ತದೆ. ಲೈನಿಗೆ ಒಂದು ಟೀ (ಮೂರು ಬಾಯಿಯ ಜಾಯಿಂಟು) ಹಾಕಿ, ತುದಿ ಮುಚ್ಚಿದ ಮೊಳದುದ್ದ ಪೈಪನ್ನು ಮೇಲ್ಮುಖ ನಿಲ್ಲಿಸಿದೆವು. ಅದರಲ್ಲಿ ಉಳಿದ ಗಾಳಿ ಆ ಹೊಡೆತವನ್ನು ತಡೆಯುತ್ತದೆ. ಪೂರ್ತಿ ಹೋಗಿಲ್ಲ, ಸಹಿಸುವಷ್ಟಾಗಿದೆ.

ಕರೆಂಟಿನ ವಿಷಯಕ್ಕೆ ಬಂದರೆ, ಮೊದಲು ಇದ್ದದ್ದು ಮನೆ ಯುಪಿಎಸ್‌ಗೆ ಹಾಕುವ 150 ಎಎಚ್ (ಆಂಪಿಯರ್ ಅವರ್) ಟ್ಯೂಬುಲರ್ ಬ್ಯಾಟರಿ. ಇಬ್ಬರು ಎತ್ತಬೇಕು. ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ. ಅದನ್ನು ಮಂಚದ ಕೆಳಗೆ, ಗಾಳಿಯೇ ಇಲ್ಲದ ಪೆಟ್ಟಿಗೆಯಲ್ಲಿ ಕೂರಿಸಿದ್ದರು. ಬಾಳಿಕೆ ಬರಬೇಕು ಅಂದರೆ ಅದರ ಅರ್ಧ ಮಾತ್ರ ಬಳಸಬೇಕು, ಅಂದರೆ ಹೆಚ್ಚೂ ಕಡಿಮೆ 900 ವ್ಯಾಟ್ ಅವರ್. ಈಗಿನದು 100 ಎಎಚ್ ಲಿಥಿಯಂ ಐರನ್ ಫಾಸ್ಫೇಟ್. 12.8 ವೋಲ್ಟ್, 1,280 ವ್ಯಾಟ್ ಅವರ್. ಬಹುಪಾಲು ಬಳಸಬಹುದು, ಒಂದೇ ಕೈಯಲ್ಲಿ ಎತ್ತಬಹುದು. ನಮ್ಮ ಸಣ್ಣ ಫ್ರಿಜ್, ಕಡಿಮೆ ಕರೆಂಟು ತಿನ್ನುವ ಬಿಎಲ್‌ಡಿಸಿ ಫ್ಯಾನ್, ಲೈಟು ಸೇರಿ ದಿನಕ್ಕೆ 700ರ ಆಸುಪಾಸು. ಸೋಲಾರ್ ಇಲ್ಲದೆಯೂ ಒಂದೂವರೆ ದಿನ ಎಳೆಯುತ್ತದೆ. ದುಬಾರಿ ಹೌದು, ಆದರೆ ಒಳ್ಳೆಯದು.

ಸೋಲಾರ್ ಬಗ್ಗೆ ನನ್ನ ಅಭಿಪ್ರಾಯ ಬಹಳ ಜನಕ್ಕೆ ಹಿಡಿಸೋದಿಲ್ಲ. ಮಾರ್ಚಿನಲ್ಲಿ ಬಯಲಲ್ಲಿ ನಿಲ್ಲಿಸಿದರೆ ಭರ್ಜರಿ. ಪುಷ್ಯ ಮಳೆಯ ಮೋಡದಡಿ ಕಾಲು ಭಾಗವೂ ಬರೋದಿಲ್ಲ, ಅಡಿಕೆ ತೋಟದ ನೆರಳಲ್ಲಂತೂ ಬಂದಷ್ಟು ಬಂತು. ಇಲ್ಲಿ ನಿಜವಾಗಿ ಅನ್ನ ಹಾಕೋದು ಡಿಸಿ-ಡಿಸಿ ಚಾರ್ಜರ್, ಅಂದರೆ ಎಂಜಿನ್ನಿನ ಆಲ್ಟರ್ನೇಟರ್ (ಕರೆಂಟು ಮಾಡುವ ಡೈನಮೊ) ಕೊಡುವ ಕರೆಂಟನ್ನು ಹದ ಮಾಡಿ ಬ್ಯಾಟರಿಗೆ ತುಂಬುವ ಪೆಟ್ಟಿಗೆ. ಎಂಜಿನ್ ಓಡುವಾಗ ಅದು 20 ಆಂಪಿಯರ್ ಕೊಡುತ್ತದೆ. ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಬರುವಷ್ಟರಲ್ಲಿ ಅರ್ಧ ದಿನದ ಕರೆಂಟು ತುಂಬಿರುತ್ತದೆ. ಅದು ಇಲ್ಲದೆ ಲಿಥಿಯಂ ಬ್ಯಾಟರಿಯನ್ನು ಹಳೇ ಆಲ್ಟರ್ನೇಟರಿಗೆ ನೇರ ಕಟ್ಟಬೇಡಿ. ಸಿಕ್ಕಷ್ಟೂ ಎಳೆದುಕೊಳ್ಳುವ ಬ್ಯಾಟರಿ ಅದು. ಆಗುಂಬೆಯ 14 ತಿರುವುಗಳಲ್ಲಿ ನಿಧಾನಕ್ಕೆ ಹತ್ತುವಾಗ ಆಲ್ಟರ್ನೇಟರಿಗೆ ತಣ್ಣಗಾಗುವಷ್ಟು ಗಾಳಿಯೂ ಸಿಗೋದಿಲ್ಲ, ಸುಟ್ಟೇ ಹೋಗಬಹುದು.

ಫ್ರಿಜ್ ಆಗಾಗ ತಾನೇ ನಿಲ್ಲುತ್ತಿತ್ತು. ಹಿಂದಿನವರಿಗೆ ರಿಪೇರಿಯವರು ಫ್ರಿಜ್ಜೇ ಬದಲಾಯಿಸಿ ಅಂದಿದ್ದರಂತೆ. ತಪ್ಪು ವೈರಿನದ್ದು. 1 ಸ್ಕ್ವೇರ್ ಎಂಎಂ ವೈರಿನಲ್ಲಿ 5 ಆಂಪಿಯರ್ ಕರೆಂಟು ಐದು ಮೀಟರ್ ಹೋಗಿ ಬರುವಾಗ ಸುಮಾರು 0.9 ವೋಲ್ಟ್ ದಾರಿಯಲ್ಲೇ ಖರ್ಚಾಗುತ್ತದೆ. 12 ವೋಲ್ಟಿನಲ್ಲಿ ಅದು ಬಹಳ ದೊಡ್ಡದು. ಬ್ಯಾಟರಿ ಖಾಲಿ ಅಂದುಕೊಂಡು ಫ್ರಿಜ್ ಆಫ್ ಆಗುತ್ತದೆ. 4 ಸ್ಕ್ವೇರ್ ಎಂಎಂ ಎಳೆದ ಮೇಲೆ ನಷ್ಟ 0.2ರ ಹತ್ತಿರಕ್ಕೆ ಇಳಿಯಿತು, ಆ ಕಾಟವೂ ನಿಂತಿತು. ವೈರಿಗೆಲ್ಲ ಗಟ್ಟಿ ಪೈಪು ಹಾಕಿ, ಬಾಯಿ ಮುಚ್ಚಿ. ಮಳೆಗಾಲದಲ್ಲಿ ಬೆಚ್ಚಗಿನ ಜಾಗ ಹುಡುಕಿ ಬರುವ ಇಲಿಗೆ ನಮ್ಮ ಕ್ಯಾಂಪರ್ ಅಂದರೆ ಪ್ರಾಣ.

ಘಾಟಿ ಇಳಿಯುವವರು ಬ್ರೇಕ್ ಆಯಿಲ್ ಕಡೆ ಗಮನ ಕೊಡಿ. ಅದು ಗಾಳಿಯ ತೇವ ಹೀರುತ್ತದೆ. ಹೀರಿದಷ್ಟೂ ಬೇಗ ಕುದಿಯುತ್ತದೆ, ಕುದಿದರೆ ಪೆಡಲ್ ಪೊಳ್ಳಾಗುತ್ತದೆ. ನಾವು ವರ್ಷಕ್ಕೊಮ್ಮೆ ಬದಲಾಯಿಸುತ್ತೇವೆ. ಟೈರಿನ ಬದಿಯ ನಾಲ್ಕಂಕಿಯನ್ನೂ ಓದಿ, ಮೊದಲೆರಡು ವಾರ, ಕೊನೆಯೆರಡು ವರ್ಷ. ಕ್ಯಾಂಪರ್ ಓಡೋದು ಕಡಿಮೆ. ಟೈರಿನ ಗುಂಡಿ (ಟ್ರೆಡ್) ಸವೆಯದೇ ಇದ್ದರೂ ರಬ್ಬರ್ ಮುದಿಯಾಗಿರುತ್ತದೆ.

ಕಾಗದ ಪತ್ರದ ಬಗ್ಗೆ ಇಷ್ಟೇ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸುವಂತಿಲ್ಲ. ಖಾಸಗಿ ಗಾಡಿಗೆ ಹದಿನೈದು ವರ್ಷ ಆದ ಮೇಲೆ ಐದೈದು ವರ್ಷಕ್ಕೆ ರಿಜಿಸ್ಟ್ರೇಷನ್ ರಿನ್ಯೂವಲ್. ಯಾರೋ ಮಾಡಿಸಿದ ಹಳೇ ಕ್ಯಾಂಪರ್ ಕೊಳ್ಳುವಾಗ ಆ ಬದಲಾವಣೆ ಆರ್‌ಸಿಯಲ್ಲಿ ಸೇರಿದೆಯಾ ನೋಡಿ. ಸೇರಿಲ್ಲದಿದ್ದರೆ ಬೆಲೆ ಎಷ್ಟೇ ಕಡಿಮೆ ಇದ್ದರೂ ವಾಪಸ್ ಬನ್ನಿ.

ಈ ಸಲ ಮಳೆಗೆ ಮುಂಚೆ ಉಳಿದಿರುವುದು ಪಕ್ಕದ ಬಾಗಿಲಿನ ರಬ್ಬರ್ ಬೀಡಿಂಗ್. ಒಣಗಿ ಕಲ್ಲಾಗಿದೆ. ಇದನ್ನು ಮೀಟರ್ ಲೆಕ್ಕದಲ್ಲಿ ಮಾರುತ್ತಾರೆ. ಗಾಡಿಯ ಹೆಸರು ಹೇಳಿ ಕೇಳಿದರೆ ಅಂಗಡಿಯವರು ಕೈಗೆ ಸಿಕ್ಕಿದ್ದು ಕೊಡುತ್ತಾರೆ. ಹಳೇದರ ಒಂದು ಗೇಣು ತುಂಡು ಕತ್ತರಿಸಿ ಜೇಬಿನಲ್ಲಿ ಇಟ್ಟುಕೊಂಡೇ ಹೋಗಿ.