ಜೆಲ್ಡಾ, ಸೂಪರ್ ಮೆಟ್ರಾಯ್ಡ್, ಮೆಗಾ ಮ್ಯಾನ್ ಎಕ್ಸ್: ಮೂರನ್ನೂ ಆಡಿದ ಮೇಲೆ ನನ್ನ ಓಟು ಯಾವುದಕ್ಕೆ

ಮೊದಲೇ ಹೇಳಿಬಿಡುತ್ತೇನೆ. ನನ್ನ ಓಟು ಮೆಗಾ ಮ್ಯಾನ್ ಎಕ್ಸ್‌ಗೆ.

ಸೂಪರ್ ನಿಂಟೆಂಡೊದಲ್ಲಿ, ಅಂದರೆ ತೊಂಬತ್ತರ ದಶಕದ ಆ ವಿಡಿಯೊ ಗೇಮ್ ಕನ್ಸೋಲ್‌ನಲ್ಲಿ, ಯಾವ ಆಟ ಬೆಸ್ಟ್ ಅಂತ ಮಾತು ಶುರುವಾದರೆ ಸಾಕು. ಒಬ್ಬರು ಜೆಲ್ಡಾ ಅನ್ನುತ್ತಾರೆ, ಇನ್ನೊಬ್ಬರು ಸೂಪರ್ ಮೆಟ್ರಾಯ್ಡ್ ಅಂತ ಪಟ್ಟು ಹಿಡಿಯುತ್ತಾರೆ, ಮೂರನೆಯವರು ಕ್ರೋನೊ ಟ್ರಿಗರ್ ಬಿಟ್ಟು ಬೇರೆ ಮಾತೇ ಬೇಡ ಅನ್ನುತ್ತಾರೆ. ಮೆಗಾ ಮ್ಯಾನ್ ಎಕ್ಸ್ ಹೆಸರು ಬರುವ ಹೊತ್ತಿಗೆ ಅರ್ಧ ಜನ ಎದ್ದು ಹೋಗಿರುತ್ತಾರೆ. ನಾನೂ ಮೊದಲು ಜೆಲ್ಡಾ ಪಾರ್ಟಿಯವನೇ. ಹಳೆಯ ಕನ್ಸೋಲ್ ಒಂದು ಕೈಗೆ ಸಿಕ್ಕಿತು, ಜೊತೆಗೆ ಈ ಮೂರು ಆಟಗಳ ಸೆಕೆಂಡ್ ಹ್ಯಾಂಡ್ ಕಾರ್ಟ್ರಿಡ್ಜ್ (ಆಟ ತುಂಬಿರುವ ಪ್ಲಾಸ್ಟಿಕ್ ಡಬ್ಬಿ) ಕೊಂಡೆ. ನಾಲ್ಕು ತಿಂಗಳು ಆಡಿದ ಮೇಲೆ ಪಾರ್ಟಿ ಬದಲಾಯಿಸಿದೆ.

ನಾನು ಆಡುವುದು ಹೇಗೆ ಅಂತ ಹೇಳದೆ ಇದ್ದರೆ ಈ ಹೋಲಿಕೆಗೆ ಅರ್ಥವಿಲ್ಲ. ಮನೆಯವರೆಲ್ಲ ಮಲಗಿದ ಮೇಲೆ ರಾತ್ರಿ ಅರ್ಧ ಗಂಟೆ, ಜಾಸ್ತಿ ಅಂದರೆ ಮುಕ್ಕಾಲು ಗಂಟೆ. ಅಷ್ಟೇ. ಕೆಲವು ವಾರ ಎರಡು ರಾತ್ರಿ ಮಾತ್ರ ಸಿಗುತ್ತದೆ. ಎಮ್ಯುಲೇಟರ್‌ನಲ್ಲಿ, ಅಂದರೆ ಹಳೇ ಕನ್ಸೋಲ್‌ನ ಹಾಗೆ ನಟಿಸುವ ಕಂಪ್ಯೂಟರ್ ಪ್ರೋಗ್ರಾಮ್‌ನಲ್ಲಿ ಆಡುವವರಿಗೆ ನಾನು ಮುಂದೆ ಹೇಳುವ ದೊಡ್ಡ ತೊಂದರೆ ಬರುವುದೇ ಇಲ್ಲ. ಆದರೆ ನನಗೆ ಕಾರ್ಟ್ರಿಡ್ಜ್ ಒತ್ತಿ ಕೂರಿಸಿ, ಪವರ್ ಸ್ವಿಚ್ ಮುಂದಕ್ಕೆ ತಳ್ಳುವಾಗ ಬರುವ ಆ ಸದ್ದು ಬೇಕು. ಅದಕ್ಕೇ ನಿಜವಾದ ಕನ್ಸೋಲ್.

ಮೊದಲು ಜೆಲ್ಡಾ, ಅಂದರೆ 1991ರಲ್ಲಿ ಜಪಾನಿನಲ್ಲಿ ಬಂದ 'ಎ ಲಿಂಕ್ ಟು ದ ಪಾಸ್ಟ್'. ಆಟದ ಬಗ್ಗೆ ದೂರು ಒಂದೂ ಇಲ್ಲ. ಮಳೆ ಸುರಿಯುವ ರಾತ್ರಿಯಲ್ಲಿ ಶುರುವಾಗುತ್ತದೆ. ಮೂರು ಪೆಂಡೆಂಟ್ ಸೇರಿಸಿ, ಕಾಡಿನೊಳಗಿನ ಮಾಸ್ಟರ್ ಸೋರ್ಡ್ ಕಿತ್ತುಕೊಂಡಾಗ ಕಥೆ ಮುಗಿಯುತ್ತಾ ಬಂತು ಅನಿಸುತ್ತದೆ. ಆಮೇಲೆ ಡಾರ್ಕ್ ವರ್ಲ್ಡ್ ತೆರೆದುಕೊಳ್ಳುತ್ತದೆ, ಆಟದ ದೊಡ್ಡ ಪಾಲು ಇನ್ನೂ ಮುಂದಿದೆ ಅಂತ ಗೊತ್ತಾಗುತ್ತದೆ. ಅದೇ ನಕ್ಷೆ, ಆದರೆ ಬೇರೆ ಲೋಕ. ಡಾರ್ಕ್ ವರ್ಲ್ಡ್‌ನಲ್ಲಿ ಒಂದು ಜಾಗಕ್ಕೆ ಹೋಗಿ ನಿಂತು ಮ್ಯಾಜಿಕ್ ಮಿರರ್ ಬಳಸಿದರೆ ಈ ಕಡೆಯ ಲೋಕದಲ್ಲಿ ಹತ್ತಲು ಆಗದ ಬಂಡೆಯ ಮೇಲೆ ಬಂದು ನಿಲ್ಲುತ್ತೀರಿ. ಈ ಉಪಾಯ ಹೊಳೆದ ಕ್ಷಣವನ್ನು ನಾನು ಮರೆಯುವುದಿಲ್ಲ.

ತೊಂದರೆ ಇದ್ದದ್ದು ಕಾರ್ಟ್ರಿಡ್ಜ್‌ನೊಳಗೆ.

ಈಜಲು ಫ್ಲಿಪ್ಪರ್ಸ್ ಬೇಕು. ಅದನ್ನು ಜೋರಾ ಅನ್ನೋ ನೀರಿನ ಜೀವಿಗಳ ರಾಜ 500 ರೂಪಿಗೆ (ಆಟದೊಳಗಿನ ಹಣ) ಮಾರುತ್ತಾನೆ. 500 ಅಂದರೆ ಆಟದ ಆ ಹಂತದಲ್ಲಿ ಕಡಿಮೆ ಏನಲ್ಲ. ನಾನು ಎರಡು ರಾತ್ರಿ ಹುಲ್ಲು ಕೊಚ್ಚಿ, ಮಡಕೆ ಎತ್ತಿ ಒಡೆದು, ಪೆಟ್ಟಿಗೆ ಹುಡುಕಿ ಕೂಡಿಸಿದೆ. ಫ್ಲಿಪ್ಪರ್ಸ್ ಕೊಂಡೆ. ನೀರಿಗೆ ಹಾರಿ ಸುಮ್ನೆ ಒಂದು ಸುತ್ತು ಈಜಿದೆ. ಸೇವ್ ಮಾಡಿ ಮಲಗಿದೆ. ಮಾರನೇ ರಾತ್ರಿ ಆನ್ ಮಾಡಿದರೆ ಫೈಲ್ ಆರಿಸುವ ಪರದೆಯಲ್ಲಿ ಮೂರೂ ಜಾಗ ಖಾಲಿ. ಹೆಸರಿಲ್ಲ, ಪಕ್ಕದಲ್ಲಿ ಸಾಲಾಗಿ ಇರುತ್ತಿದ್ದ ಕೆಂಪು ಹೃದಯಗಳಿಲ್ಲ. ಆಫ್ ಮಾಡಿ ಆನ್ ಮಾಡಿದೆ. ಕಾರ್ಟ್ರಿಡ್ಜ್ ತೆಗೆದು ಪಿನ್ ಒರೆಸಿ ಮತ್ತೆ ಹಾಕಿದೆ. ಖಾಲಿಯೇ.

ಕಾರಣ ಸರಳ. ಈ ಕಾರ್ಟ್ರಿಡ್ಜ್‌ಗಳು ಸೇವ್ ಇಡುವುದು ಒಂದು ಚಿಕ್ಕ ರ‍್ಯಾಮ್ ಚಿಪ್‌ನಲ್ಲಿ. ಕರೆಂಟ್ ಇಲ್ಲದಿದ್ದರೆ ಆ ಚಿಪ್ ಎಲ್ಲ ಮರೆತುಬಿಡುತ್ತದೆ. ಅದಕ್ಕೇ ಪಕ್ಕದಲ್ಲಿ 3 ವೋಲ್ಟ್‌ನ ಒಂದು ಬಟನ್ ಸೆಲ್ ಇಟ್ಟು ಬೆಸುಗೆ ಹಾಕಿರುತ್ತಾರೆ. ಸಿಆರ್2032, ಕಂಪ್ಯೂಟರ್ ಮದರ್‌ಬೋರ್ಡ್‌ನಲ್ಲಿ ಇರುತ್ತದಲ್ಲ, ಅದೇ. ಮೂವತ್ತು ವರ್ಷದ ಸೆಲ್ ಸಾಯುವುದು ಸಹಜ, ಅದಕ್ಕೆ ಯಾರನ್ನೂ ದೂರುವುದಿಲ್ಲ.

ನನಗೆ ಬೇಜಾರಾದದ್ದು ಮಾರಿದವರ ಬಗ್ಗೆ. ಸೇವ್ ಆಗುತ್ತದಾ ಅಂತ ಕೊಳ್ಳುವ ಮೊದಲೇ ಕೇಳಿದ್ದೆ. ಅವರು ನನ್ನ ಕಣ್ಣೆದುರೇ ಸೇವ್ ಮಾಡಿ, ಆಫ್ ಮಾಡಿ, ತಕ್ಷಣ ಆನ್ ಮಾಡಿ ತೋರಿಸಿದರು. ಸೇವ್ ಇತ್ತು. ಆದರೆ ಆಫ್ ಮಾಡಿದ ಬೆನ್ನಿಗೇ ಆನ್ ಮಾಡಿದರೆ, ಸೆಲ್ ಸತ್ತಿದ್ದರೂ ಚಿಪ್‌ನಲ್ಲಿ ಉಳಿದ ಚಾರ್ಜ್‌ನಿಂದ ಕೆಲವೊಮ್ಮೆ ಸೇವ್ ಹಾಗೇ ಇರುತ್ತದೆ. ಪರೀಕ್ಷೆ ಮಾಡುವುದಾದರೆ ಸೇವ್ ಮಾಡಿ, ಒಂದು ರಾತ್ರಿ ಕಾರ್ಟ್ರಿಡ್ಜ್ ಹೊರಗೆ ತೆಗೆದಿಟ್ಟು, ಬೆಳಿಗ್ಗೆ ನೋಡಬೇಕು. ಇದು ಅವರಿಗೆ ಗೊತ್ತಿತ್ತೋ ಇಲ್ಲವೋ, ನನಗಂತೂ ಗೊತ್ತಿರಲಿಲ್ಲ.

ಸೆಲ್ ಬದಲಾಯಿಸಬಹುದು. ಕಾರ್ಟ್ರಿಡ್ಜ್ ಬಿಚ್ಚಲು ಮಾಮೂಲಿ ಸ್ಕ್ರೂಡ್ರೈವರ್ ಆಗುವುದಿಲ್ಲ, 3.8 ಮಿಲಿಮೀಟರಿನ ವಿಶೇಷ ಬಿಟ್ ಬೇಕು. ಅದನ್ನು ತರಿಸಿದೆ. ಮಲ್ಟಿಮೀಟರ್ ಇಟ್ಟರೆ 1.4 ವೋಲ್ಟ್ ತೋರಿಸಿತು. ಬೆಸುಗೆ ಕಾಸಲು ಭಯವಾಗಿ, ಹಳೇ ಸೆಲ್ ತೆಗೆದು ಅದರ ಪಟ್ಟಿಗಳಿಗೆ ಹೊಸದನ್ನು ಟೇಪ್ ಸುತ್ತಿ ಕಟ್ಟಿದೆ. ಆರು ದಿನ ಚೆನ್ನಾಗಿ ನಡೆಯಿತು. ಮತ್ತೆ ಹುಲ್ಲು ಕೊಚ್ಚಿದೆ, ಮತ್ತೆ 500 ಕೂಡಿಸಿದೆ. ಏಳನೇ ದಿನ ಕಾರ್ಟ್ರಿಡ್ಜ್ ಹಾಕುವಾಗ ಸ್ವಲ್ಪ ಜೋರಾಗಿ ಒತ್ತಿದೆ ಅಂತ ಕಾಣುತ್ತದೆ, ಒಳಗೆ ಸೆಲ್ ಜರುಗಿತು. ಮತ್ತೆ ಮೂರೂ ಫೈಲ್ ಖಾಲಿ. ಆ ರಾತ್ರಿ ಟಿವಿ ಆಫ್ ಮಾಡಿ ಸ್ವಲ್ಪ ಹೊತ್ತು ಕತ್ತಲೆಯಲ್ಲೇ ಕೂತಿದ್ದೆ.

ಕೊನೆಗೆ ಪಟ್ಟಿ ಇರುವ ಹೊಸ ಸೆಲ್ ತಂದು ಸರಿಯಾಗಿ ಬೆಸುಗೆ ಹಾಕಿಸಿದೆ. ಪ್ಲಸ್, ಮೈನಸ್ ಬೋರ್ಡ್ ಮೇಲೇ ಬರೆದಿರುತ್ತದೆ, ನೋಡಿಕೊಂಡರೆ ಸಾಕು. ಈಗ ಸೇವ್ ನಿಲ್ಲುತ್ತದೆ. ಆದರೆ ಪ್ರತಿ ರಾತ್ರಿ ಆ ಪರದೆ ಬರುವ ಮುಂಚೆ ಎದೆ ಒಂದು ಸಲ ಢವಢವ ಅನ್ನುವುದು ಹೋಗಿಲ್ಲ.

ಸೂಪರ್ ಮೆಟ್ರಾಯ್ಡ್ 1994ರದ್ದು. ಅದರಲ್ಲೂ ಸೆಲ್ ಇದೆ. ಅದೃಷ್ಟಕ್ಕೆ ನನ್ನ ಕಾರ್ಟ್ರಿಡ್ಜ್‌ನಲ್ಲಿ ಇನ್ನೂ ಜೀವಂತವಾಗಿದೆ. ವಾತಾವರಣದಲ್ಲಿ ಈ ಮೂರರಲ್ಲಿ ಇದನ್ನು ಮೀರಿಸುವುದು ಇಲ್ಲ. ಜೆಬೆಸ್ ಗ್ರಹಕ್ಕೆ ಇಳಿದಾಗ ಮಳೆ, ಮಿಂಚು, ಖಾಲಿ ಕೋಣೆಗಳು. ತುಂಬಾ ಹೊತ್ತು ಶತ್ರುಗಳೇ ಇಲ್ಲ. ಮೈಯನ್ನು ಚೆಂಡಿನ ಹಾಗೆ ಮುದುಡಿಸುವ ಮಾರ್ಫ್ ಬಾಲ್ ಎತ್ತಿಕೊಂಡು ಸ್ವಲ್ಪ ಹೊತ್ತಾದ ಮೇಲೆ ಗ್ರಹ ಎಚ್ಚರವಾಗುತ್ತದೆ. ಒಬ್ಬರೂ ಮಾತಾಡುವುದಿಲ್ಲ, ಯಾರೂ ದಾರಿ ಹೇಳುವುದಿಲ್ಲ.

ಆ ಗ್ರಹದ ಬ್ರಿನ್‌ಸ್ಟಾರ್ ಅನ್ನೋ ಭಾಗದಲ್ಲಿ ಒಂದು ಆಳವಾದ ಗುಂಡಿ ಇದೆ. ಕೆಳಗೆ ಬಿದ್ದೆ. ಅಲ್ಲಿ ಮೂರು ಪುಟ್ಟ ಹಸಿರು ಪ್ರಾಣಿಗಳು ಗೋಡೆಯಿಂದ ಗೋಡೆಗೆ ಚಿಮ್ಮುತ್ತಾ ಮೇಲೆ ಹೋಗುತ್ತವೆ. ಅವು ಕಲಿಸುತ್ತಿರುವುದು ವಾಲ್ ಜಂಪ್. ಎಷ್ಟು ಚೆಂದದ ಪಾಠ, ಒಂದು ಅಕ್ಷರವೂ ಇಲ್ಲದೆ! ಆದರೆ ಕೈಗೆ ಹತ್ತಬೇಕಲ್ಲ. ತಿರುಗುತ್ತಾ ಹಾರಿ ಗೋಡೆ ಮುಟ್ಟಬೇಕು, ಗೋಡೆಯ ವಿರುದ್ಧ ದಿಕ್ಕು ಒತ್ತಬೇಕು, ಆಮೇಲೆ ಜಂಪ್. ಎರಡನ್ನೂ ಒಟ್ಟಿಗೆ ಒತ್ತಿದರೆ ಆಗುವುದಿಲ್ಲ. ನನಗೆ ಮೂರು ರಾತ್ರಿ ಹಿಡಿಯಿತು. ಮೂರು ರಾತ್ರಿ ಅಂದರೆ ನನ್ನ ಲೆಕ್ಕದಲ್ಲಿ ಒಂದು ವಾರ.

ಇನ್ನೊಂದು ತೊಂದರೆ ನನ್ನ ಅಭ್ಯಾಸದ್ದು. ನಾಲ್ಕು ದಿನ ಬಿಟ್ಟು ಬಂದರೆ ಎಲ್ಲಿಗೆ ಹೊರಟಿದ್ದೆ ಅನ್ನೋದೇ ನೆನಪಿರುವುದಿಲ್ಲ. ನಕ್ಷೆಯಲ್ಲಿ ಕೋಣೆಗಳು ಕಾಣುತ್ತವೆ, ಆದರೆ ಯಾವ ಬಾಗಿಲು ಯಾವ ಬಣ್ಣ, ಯಾವುದಕ್ಕೆ ಮಿಸೈಲ್ ಬೇಕು, ಯಾವುದಕ್ಕೆ ಪವರ್ ಬಾಂಬ್ ಅಂತ ಅದು ಹೇಳುವುದಿಲ್ಲ. ಅರ್ಧ ಗಂಟೆಯಲ್ಲಿ ಇಪ್ಪತ್ತು ನಿಮಿಷ ಹಳೇ ಬಾಗಿಲು ಹುಡುಕುವುದರಲ್ಲೇ ಹೋಗುತ್ತದೆ. ಒಂದು ಇಡೀ ಭಾನುವಾರ ಸಿಗುವವರಿಗೆ ಇದೇ ಬೆಸ್ಟ್ ಆಟ ಅಂದರೆ ನಾನು ವಾದಿಸುವುದಿಲ್ಲ.

ಸೆಲೆಕ್ಟ್ ಬಟನ್ ಒತ್ತೊತ್ತಿ ಆಯುಧ ಬದಲಾಯಿಸುವುದು ಮಾತ್ರ ಯಾರಿಗೂ ಹಿಡಿಸುವುದಿಲ್ಲ.

ಈಗ ನನ್ನ ಮೆಗಾ ಮ್ಯಾನ್ ಎಕ್ಸ್. ಕ್ಯಾಪ್‌ಕಾಮ್‌ನದು, ಜಪಾನಿನಲ್ಲಿ ಬಂದದ್ದು 1993ರ ಡಿಸೆಂಬರ್. ಅಲ್ಲಿ ಇದರ ಹೆಸರು ರಾಕ್‌ಮ್ಯಾನ್ ಎಕ್ಸ್. ಇದರಲ್ಲಿ ಸೆಲ್ ಇಲ್ಲ. ಸ್ಟೇಜ್ ಗೆದ್ದ ಮೇಲೆ ಪಾಸ್‌ವರ್ಡ್ ಕೊಡುತ್ತದೆ: ಹನ್ನೆರಡು ಅಂಕಿ, ನಾಲ್ಕು ನಾಲ್ಕರ ಮೂರು ಸಾಲು. 1ರಿಂದ 8ರವರೆಗಿನ ಅಂಕಿ ಮಾತ್ರ. ಒಂದು ಚಿಕ್ಕ ನೋಟ್‌ಬುಕ್ ಟಿವಿ ಪಕ್ಕದಲ್ಲಿ ಇಟ್ಟಿದ್ದೇನೆ. ಬರೆದುಕೊಳ್ಳುತ್ತೇನೆ, ಆಫ್ ಮಾಡುತ್ತೇನೆ, ಮಲಗುತ್ತೇನೆ. ಮೂವತ್ತು ವರ್ಷ ಆಗಲಿ, ಐವತ್ತು ಆಗಲಿ, ಆ ಹನ್ನೆರಡು ಅಂಕಿ ಕೆಲಸ ಮಾಡುತ್ತವೆ. ಒಮ್ಮೆ 1 ಬರೆದದ್ದು 7ರ ಹಾಗೆ ಕಂಡು ಪಾಸ್‌ವರ್ಡ್ ತಪ್ಪಾಯಿತು. ಆ ಅಂಕಿ ಬದಲಾಯಿಸಿ ಹಾಕಿದೆ, ಸರಿಹೋಯಿತು. ಅಷ್ಟೇ ಕಷ್ಟ.

ಪಾಸ್‌ವರ್ಡ್ ಇದೆ ಅಂತ ಮಾತ್ರ ನನ್ನ ಓಟು ಅಲ್ಲ. ಇದು ಕಲಿಸುವ ರೀತಿ ನೋಡಿ. ಮೊದಲನೇ ಸ್ಟೇಜ್ ಒಂದು ಹೆದ್ದಾರಿ. ಒಂದು ಕಡೆ ರಸ್ತೆ ಕುಸಿದು ಹಳ್ಳಕ್ಕೆ ಬೀಳುತ್ತೀರಿ. ಹೊರಬರಲು ದಾರಿ ಇಲ್ಲ, ಗಾಬರಿಯಲ್ಲಿ ಗೋಡೆ ಕಡೆ ಹಾರಿದರೆ ನಾವು ಆಡಿಸುವ ನಾಯಕ ಎಕ್ಸ್ ಗೋಡೆಗೆ ಅಂಟಿಕೊಂಡು ನಿಧಾನ ಜಾರುತ್ತಾನೆ. ಮತ್ತೆ ಜಂಪ್ ಒತ್ತಿದರೆ ಮೇಲಕ್ಕೆ. ಹತ್ತು ಸೆಕೆಂಡ್‌ನಲ್ಲಿ ವಾಲ್ ಜಂಪ್ ಬಂತು! ಮೆಟ್ರಾಯ್ಡ್‌ನಲ್ಲಿ ನನಗೆ ಒಂದು ವಾರ ಹಿಡಿದ ವಿದ್ಯೆ ಇದು.

ಆ ಸ್ಟೇಜಿನ ಕೊನೆಯಲ್ಲಿ ವೈಲ್ ಅನ್ನೋ ಶತ್ರು ನಿಮ್ಮನ್ನು ಹಿಡಿದುಬಿಡುತ್ತಾನೆ, ಗೆಲ್ಲಲು ಸಾಧ್ಯವೇ ಇಲ್ಲ. ಎಕ್ಸ್‌ನ ಗೆಳೆಯ ಜೀರೋ ಬಂದು ಬಿಡಿಸುತ್ತಾನೆ. ನೀನೂ ಮುಂದೆ ಇಷ್ಟು ಬಲಶಾಲಿ ಆಗಬಹುದು ಅನ್ನುವ ಅರ್ಥದಲ್ಲಿ ಎರಡು ಮಾತು ಹೇಳಿ ಹೋಗುತ್ತಾನೆ. ಆಮೇಲೆ ಎಂಟು ಬಾಸ್‌ಗಳು (ಪ್ರತಿ ಸ್ಟೇಜಿನ ಕೊನೆಯ ದೊಡ್ಡ ಶತ್ರು), ಯಾವ ಕ್ರಮದಲ್ಲಾದರೂ ಹೋಗಿ. ಚಿಲ್ ಪೆಂಗ್ವಿನ್ ಹತ್ತಿರ ಮೊದಲು ಹೋದರೆ ಒಳ್ಳೆಯದು, ಡ್ಯಾಶ್ ಮಾಡುವ ಬೂಟು ಅಲ್ಲಿ ದಾರಿಯಲ್ಲೇ ಸಿಗುತ್ತದೆ. ಪೆಂಗ್ವಿನ್ ಸೋತರೆ ಫ್ಲೇಮ್ ಮ್ಯಾಮತ್ ಸ್ಟೇಜಿನ ಕುದಿಯುವ ಲಾವಾ ಹೆಪ್ಪುಗಟ್ಟುತ್ತದೆ. ಸ್ಟಾರ್ಮ್ ಈಗಲ್ ಸೋತರೆ ಅವನ ಹಡಗು ಬಿದ್ದು ಸ್ಪಾರ್ಕ್ ಮ್ಯಾಂಡ್ರಿಲ್ ಸ್ಟೇಜಿನಲ್ಲಿ ಕರೆಂಟ್ ಕೆಡುತ್ತದೆ. ಪೆಂಗ್ವಿನ್‌ನಿಂದ ಗೆದ್ದ ಐಸ್ ಆಯುಧ ಮ್ಯಾಂಡ್ರಿಲ್‌ನನ್ನು ಗಡ್ಡೆ ಕಟ್ಟಿಸುತ್ತದೆ. ಮ್ಯಾಂಡ್ರಿಲ್‌ನ ಕರೆಂಟ್ ಆರ್ಮರ್ಡ್ ಆರ್ಮಡಿಲೊನ ಕವಚವನ್ನೇ ಕಳಚಿ ಹಾಕುತ್ತದೆ. ಕವಚ ಬಿದ್ದದ್ದನ್ನು ಮೊದಲ ಸಲ ನೋಡಿದಾಗ ನಾನು ಸೋಫಾದಿಂದ ಎದ್ದು ನಿಂತಿದ್ದೆ.

ಒಂದು ಸ್ಟೇಜ್‌ಗೆ ಹದಿನೈದು ನಿಮಿಷ ಸಾಕು. ರಾತ್ರಿಗೆ ಒಂದು ಅಥವಾ ಎರಡು. ನನ್ನ ಅರ್ಧ ಗಂಟೆಗೆ ಅಳತೆ ತೆಗೆದು ಹೊಲಿದ ಹಾಗಿದೆ. ನಾಲ್ಕು ದಿನ ಬಿಟ್ಟು ಬಂದರೂ ಏನೂ ಮರೆಯುವುದಿಲ್ಲ. ಎಂಟು ಮುಖಗಳಲ್ಲಿ ಯಾರು ಉಳಿದಿದ್ದಾರೆ ಅಂತ ನೋಡಿದರೆ ಆಯಿತು.

ಕೊರತೆ ಇಲ್ಲವೇ? ಇದೆ. ಕೊನೆಯ ಸಿಗ್ಮಾ ಕೋಟೆಯಲ್ಲಿ ನಾಲ್ಕು ಸ್ಟೇಜ್. ಅಲ್ಲಿಯ ಪ್ರಗತಿಯನ್ನು ಪಾಸ್‌ವರ್ಡ್ ಉಳಿಸುವುದಿಲ್ಲ, ಒಂದೇ ಕೂರಿಕೆಯಲ್ಲಿ ಮುಗಿಸಬೇಕು. ಅದಕ್ಕೆ ನಾನು ಒಂದು ಶನಿವಾರ ರಾತ್ರಿ ಬಿಡುವು ಮಾಡಿಕೊಂಡೆ. ಗುಟ್ಟಾಗಿ ಸಿಗುವ ಹಡೋಕೆನ್ ಏಟನ್ನೂ ಪಾಸ್‌ವರ್ಡ್ ನೆನಪಿಡುವುದಿಲ್ಲ, ಪ್ರತಿ ಸಲ ಹೋಗಿ ಮತ್ತೆ ಪಡೆಯಬೇಕು. ಕಥೆ ತೆಳು. ಜೆಲ್ಡಾದ ಲೋಕದ ಮುಂದೆ ಇದು ಚಿಕ್ಕ ಆಟ, ಒಪ್ಪುತ್ತೇನೆ.

ಸಂಗೀತದ ವಿಷಯದಲ್ಲಿ ಮೂರೂ ಗೆದ್ದಿವೆ. ನನ್ನ ಬಾಯಲ್ಲಿ ಗುನುಗುವುದು ಸ್ಟಾರ್ಮ್ ಈಗಲ್ ಸ್ಟೇಜಿನ ಗಿಟಾರ್.

ಸೂಪರ್ ಮಾರಿಯೊ ವರ್ಲ್ಡ್ ಯಾಕಿಲ್ಲ ಅಂತ ಕೇಳುತ್ತೀರಿ, ಅಲ್ವಾ? ಒಬ್ಬ ಸ್ನೇಹಿತರಿಂದ ತಂದು ಆಡಿದೆ. 96 ಎಕ್ಸಿಟ್‌ಗಳು (ಲೆವೆಲ್ ಮುಗಿಸುವ ದಾರಿಗಳು), ಸವಾರಿಗೆ ಸಿಗುವ ಡೈನೋಸಾರ್ ಯೋಶಿ, ಎಲ್ಲ ಖುಷಿಯೇ. ಆದರೆ ಮಾಮೂಲಿ ಲೆವೆಲ್ ಮುಗಿಸಿದರೆ ಸೇವ್ ಮಾಡಲು ಕೇಳುವುದಿಲ್ಲ, ಕೋಟೆಯೋ ಭೂತದ ಮನೆಯೋ ದಾಟಬೇಕು. ನಿದ್ದೆ ಬರುವ ಹೊತ್ತಿಗೆ ಅದು ದೊಡ್ಡ ಹಿಂಸೆ. ಸೆಲ್ ಅದರಲ್ಲೂ ಇದೆ. ಕ್ರೋನೊ ಟ್ರಿಗರ್ ಕಾರ್ಟ್ರಿಡ್ಜ್‌ಗೆ ಕೇಳಿದ ಬೆಲೆಯಲ್ಲಿ ನನ್ನ ಈ ಮೂರೂ ಬಂದವು, ಹಾಗಾಗಿ ಅದರ ಬಗ್ಗೆ ಮಾತಾಡುವ ಹಕ್ಕು ನನಗಿಲ್ಲ.

ದುಡ್ಡು ಉಳಿಸಬೇಕು ಅನ್ನುವವರಿಗೆ ಒಂದು ಮಾತು. ಜಪಾನಿನ ರಾಕ್‌ಮ್ಯಾನ್ ಎಕ್ಸ್ ನೋಡಿ, ನನಗೆ ಕಂಡ ಕಡೆಯೆಲ್ಲ ಅದು ಕಡಿಮೆ ಬೆಲೆಗೇ ಇತ್ತು. ಭಾಷೆ ಬರದಿದ್ದರೂ ಆಟಕ್ಕೆ ಏನೂ ತೊಂದರೆಯಿಲ್ಲ, ಪಾಸ್‌ವರ್ಡ್ ಅಂಕಿಗಳಲ್ಲೇ ಇದೆ. ಅಮೆರಿಕದ ಕನ್ಸೋಲ್ ಇದ್ದರೆ ಕಾರ್ಟ್ರಿಡ್ಜ್ ಹಾಕುವ ಜಾಗದೊಳಗೆ ಎರಡು ಪ್ಲಾಸ್ಟಿಕ್ ಚೂರು ಅಡ್ಡ ಇರುತ್ತವೆ. ಅವನ್ನು ತೆಗೆದರೆ ಜಪಾನಿನ ಕಾರ್ಟ್ರಿಡ್ಜ್ ಕೂರುತ್ತದೆ. ಸೂಪರ್ ಮೆಟ್ರಾಯ್ಡ್‌ಗೂ ಇದೇ ದಾರಿ, ಅದರ ಜಪಾನಿ ಕಾರ್ಟ್ರಿಡ್ಜ್‌ನಲ್ಲಿ ಕಥೆಯ ಇಂಗ್ಲಿಷ್ ಪಠ್ಯವೂ ಇದೆ. ಜೆಲ್ಡಾಕ್ಕೆ ಮಾತ್ರ ಈ ದಾರಿ ಬೇಡ, ಅಲ್ಲಿ ಊರವರು ಹೇಳುವುದು ಅರ್ಥವಾಗಲೇಬೇಕು.

ಜೆಲ್ಡಾ ಮಾರುವುದಿಲ್ಲ. ಹೊಸ ಸೆಲ್ ಹಾಕಿಸಿದ ತಾರೀಕನ್ನು ಕಾರ್ಟ್ರಿಡ್ಜ್ ಹಿಂದೆ ಚೀಟಿ ಅಂಟಿಸಿ ಬರೆದಿದ್ದೇನೆ, ಮೂರನೇ ಸಲ ಫ್ಲಿಪ್ಪರ್ಸ್ ಕೊಂಡೂ ಆಗಿದೆ. ಆದರೆ ಕನ್ಸೋಲ್‌ನಲ್ಲಿ ಯಾವಾಗಲೂ ಕೂತಿರುವುದು ಮೆಗಾ ಮ್ಯಾನ್ ಎಕ್ಸ್. ನೋಟ್‌ಬುಕ್‌ನಲ್ಲಿ ಈಗ ಒಂಬತ್ತನೇ ಪುಟ.