ಬೀದರಿನ ಹಳೆ ಮನೆಗೆ ತಂದ ಡ್ಯುಯಲ್ ಬ್ಯಾಂಡ್ ರೂಟರ್, ನಾಲ್ಕು ತಿಂಗಳ ಅನುಭವ

ನಮ್ಮ ಮನೆ ಚೌಬಾರದ ಹತ್ತಿರ, ಓಣಿಯಲ್ಲಿ ಮನೆಗೆ ಮನೆ ಅಂಟಿಕೊಂಡಿದೆ. ಫೋನಲ್ಲಿ ವೈಫೈ ತೆರೆದರೆ ಇಪ್ಪತ್ತೆರಡು ಹೆಸರು ಕಾಣಿಸುತ್ತವೆ, ಹೆಚ್ಚಿನವು 2.4 ಗಿಗಾಹರ್ಟ್ಸ್‌ನವು. ಅಲ್ಲಿ ಒಂದಕ್ಕೊಂದು ತಾಗದ ಚಾನೆಲ್ (ವೈಫೈ ಸಿಗ್ನಲ್ ಓಡುವ ದಾರಿ) ಅಂದರೆ 1, 6, 11, ಮೂರೇ ಮೂರು. ಸಂಜೆ ಏಳಾದರೆ ಸಾಕು, ಮಗಳ ಆನ್‌ಲೈನ್ ಕ್ಲಾಸ್ ನಿಂತು ನಿಂತು ಬರುತ್ತಿತ್ತು. ನೆಟ್ ಹಾಕಿದವರಿಗೆ ಫೋನ್ ಮಾಡಿದಾಗೆಲ್ಲ "ಜಾಸ್ತಿ ಸ್ಪೀಡಿನ ಪ್ಲಾನ್ ತಗೋರಿ" ಅಂದರು. ತಗೊಂಡೆವು, ಏನೂ ಬದಲಾಗಲಿಲ್ಲ. ವಾಯರ್ ಸರಿಯಾಗೇ ಇತ್ತು, ನೂಕುನುಗ್ಗಲು ಇದ್ದದ್ದು ಗಾಳಿಯಲ್ಲಿ.

ಕೊನೆಗೆ 3,200 ರೂಪಾಯಿಗೆ 2.4, 5 ಗಿಗಾಹರ್ಟ್ಸ್ ಎರಡರಲ್ಲೂ ನಡೆಯುವ ಈ ಡ್ಯುಯಲ್ ಬ್ಯಾಂಡ್ ರೂಟರ್ ತಂದೆ. ಅಂಗಡಿಯಲ್ಲಿ ಒಂದೇ ಪ್ರಶ್ನೆ ಕೇಳಿದೆ: 5 ಗಿಗಾಹರ್ಟ್ಸ್‌ನಲ್ಲಿ ಡಿಎಫ್‌ಎಸ್, ಅಂದರೆ ರೇಡಾರ್‌ಗೆ ಚಾನೆಲ್ ಬಿಟ್ಟುಕೊಡುವ ವ್ಯವಸ್ಥೆ, ಇದೆಯಾ? 52ರಿಂದ 144ರವರೆಗಿನ ಚಾನೆಲ್‌ಗಳಲ್ಲಿ ಹವಾಮಾನದ ರೇಡಾರ್, ಮಿಲಿಟರಿ ರೇಡಾರ್ ಕೂಡ ಇರಬಹುದು, ಮೊದಲ ಹಕ್ಕು ಅವಕ್ಕೆ. ಡಿಎಫ್‌ಎಸ್ ಇರುವ ರೂಟರ್ ಮೊದಲು ಒಂದು ನಿಮಿಷ ಸುಮ್ನೆ ಕಿವಿಗೊಟ್ಟು ಕೇಳುತ್ತದೆ, ರೇಡಾರ್ ಇಲ್ಲ ಅಂತ ಖಾತ್ರಿಯಾದ ಮೇಲೆಯೇ ಶುರು ಮಾಡುತ್ತದೆ. ನಡುವೆ ಕೇಳಿಸಿತೋ, ಹತ್ತು ಸೆಕೆಂಡಿನೊಳಗೆ ಜಾಗ ಬಿಟ್ಟು ಬೇರೆ ಕಡೆ ಹೋಗುತ್ತದೆ, ಅರ್ಧ ಗಂಟೆ ಅತ್ತ ತಿರುಗಿ ನೋಡುವುದಿಲ್ಲ. ಎಷ್ಟೋ ಅಗ್ಗದ ರೂಟರ್‌ಗಳಿಗೆ ಇದು ಬರುವುದಿಲ್ಲ, ಅದಕ್ಕೇ ಅವೆಲ್ಲ 36ರಿಂದ 48ರೊಳಗೆ ಇಲ್ಲವೇ 149ರ ಆಚೆ ಗುಂಪುಗೂಡುತ್ತವೆ. ನಾನು 100ಕ್ಕೆ ಹಾಕಿದೆ. ಓಣಿಯವರು ಯಾರೂ ಅಲ್ಲಿಲ್ಲ! ವಾಯುಪಡೆಯ ನೆಲೆ ಇರುವ ಊರು ನಮ್ಮದು, ಇಂಥಲ್ಲಿ ದಾರಿ ಬಿಡಲು ಗೊತ್ತಿರುವ ರೂಟರ್ ಇದ್ದರೇ ಒಳ್ಳೆಯದು ಅಲ್ವಾ. ನಾಲ್ಕು ತಿಂಗಳಲ್ಲಿ ಎರಡು ಸಲ ತಾನಾಗಿಯೇ ಚಾನೆಲ್ ಬದಲಿಸಿದ್ದು ಲಾಗ್‌ನಲ್ಲಿ ಕಂಡಿತು, ಕ್ಲಾಸ್ ಮಾತ್ರ ನಿಂತಿರಲಿಲ್ಲ.

ಬೇಜಾರಿನ ಸಂಗತಿಯೂ ಇದೆ. ಕರೆಂಟ್ ಹೋಗಿ ಬಂದಾಗ ಆ ಒಂದು ನಿಮಿಷ ಕೇಳುವ ಕೆಲಸ ಮತ್ತೆ ಮೊದಲಿಂದ, ಅಷ್ಟರವರೆಗೆ 5 ಗಿಗಾಹರ್ಟ್ಸ್ ಕಾಣಿಸುವುದೇ ಇಲ್ಲ. ರೂಟರಿಗಂತಲೇ ಬರುವ ಚಿಕ್ಕ ಯುಪಿಎಸ್ ಹಾಕಿದ ಮೇಲೆ ಆ ಕಾಟ ತಪ್ಪಿತು. ಅಮ್ಮನ ಹಳೆ ಫೋನಿಗೆ 100ನೇ ಚಾನೆಲ್ ಸಿಗುವುದಿಲ್ಲ, ಅದನ್ನು 2.4ರಲ್ಲೇ ಬಿಟ್ಟಿದ್ದೇನೆ. ಇನ್ನು ನಮ್ಮದು ಜಂಬಿಟ್ಟಿಗೆ ಕಲ್ಲಿನ ದಪ್ಪ ಗೋಡೆ. ಪಡಸಾಲೆಯಲ್ಲಿ ಹಾರುವ ನೆಟ್ ಎರಡು ಗೋಡೆ ದಾಟಿ ಅಡುಗೆಮನೆಗೆ ಬರುವಷ್ಟರಲ್ಲಿ ಸೊರಗಿರುತ್ತದೆ. 5 ಗಿಗಾಹರ್ಟ್ಸ್ ಗೋಡೆಗೆ ಬೇಗ ಸೋಲುತ್ತದೆ, ಅದಕ್ಕೆ ಯಾವ ಕಂಪನಿಯ ರೂಟರೂ ಹೊರತಲ್ಲ.

ಐದಕ್ಕೆ ನಾಲ್ಕು ಕೊಡುತ್ತೇನೆ. ದೀಪಾವಳಿಗೆ ಹಿಂದಿನ ಕೋಣೆಗೆ ಲ್ಯಾನ್ ವಾಯರ್ ಎಳೆದು ಇದೇ ರೂಟರ್ ಇನ್ನೊಂದು ಇಡುತ್ತೇನೆ.